ರೊಟ್ಟಿ ಸಪ್ಪಳ ನಿಂತ ಹೊತ್ತು

ಗಜೇಂದ್ರಗಡದ ಹಳೆಯ ಪೇಟೆಯ ಆ ಮನೆಯಲ್ಲಿ ಬೆಳಿಗ್ಗೆ ಎಂಟರ ಸುಮಾರಿಗೆ ಎಲ್ಲ ಸದ್ದೂ ನಿಲ್ಲುತ್ತದೆ. ಮಿಕ್ಸರ್ ತಿರುಗುವುದಿಲ್ಲ, ನಳ ಬಂದಾಗುತ್ತದೆ, ಹಂಚಿನ ಕೆಳಗಿನ ಗ್ಯಾಸ್ ಆರುತ್ತದೆ. ಮನೆಯ ಯಜಮಾನಿ ಕಳಕವ್ವ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದು, ಬೀದಿಯ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕೂಡುತ್ತಾಳೆ. ಕಾಲು ತಾಸು. ಆ ಹೊತ್ತಿನಲ್ಲಿ ಅವಳ ಗಂಡ ಪ್ರಭುಲಿಂಗಪ್ಪ ಚಹ ಕೇಳುವುದಿಲ್ಲ, ಮಗ ಮುತ್ತಣ್ಣ ಗಾಡಿಯ ಕೀಲಿ ಎಲ್ಲಿ ಎಂದು ಕೂಗುವುದಿಲ್ಲ.

ರಾಜೂರಿನಿಂದ ಸೊಸೆಯಾಗಿ ಬಂದ ಅನ್ನಪೂರ್ಣೇಶ್ವರಿ ಇದನ್ನು ಯಾವುದೋ ದೇವರ ನೇಮ ಎಂದೇ ತಿಳಿದಿದ್ದಳು. ತಾನೂ ತಲೆಯ ಮೇಲೆ ಸೆರಗು ಹೊದ್ದು ಅಡುಗೆಮನೆಯ ಮೂಲೆಯಲ್ಲಿ ಕೈಕಟ್ಟಿ ನಿಲ್ಲುತ್ತಿದ್ದಳು. ಕೊನೆಗೊಂದು ದಿನ ತಡೆಯಲಾರದೆ, ಇದು ಯಾವ ದೇವರ ಸೇವೆ ಎಂದು ಅತ್ತೆಯನ್ನೇ ಕೇಳಿದಳು. ಕಳಕವ್ವನಿಗೆ ನಗು ಬಂತು.

"ದೇವ್ರದಲ್ಲ ಬೇ," ಎಂದಳು. "ಟೆಲಿಫೋನಿಂದು."

ಅವಳು ಹೇಳಿದ್ದು ಎಂಬತ್ತರ ದಶಕದ ನಡುವಿನ ಮಾತು. ಈಗ ಗುಡ್ಡದ ಮೇಲೆ ಸಾಲಾಗಿ ತಿರುಗುತ್ತಿರುವ, ಕರೆಂಟು ಮಾಡುವ ಗಾಳಿ ಫ್ಯಾನುಗಳು ಆಗ ಇರಲಿಲ್ಲ. ಇದ್ದದ್ದು ಒಂದು ಸಪೂರ ಕಂಬ, ಅದರ ತುದಿಯಲ್ಲಿ ಗಿರಗಿರ ತಿರುಗುವ ಮೂರು ಬಟ್ಟಲು. ಇಲ್ಲಿ ಗಾಳಿ ಎಷ್ಟು ಜೋರು, ಯಾವ ದಿಕ್ಕಿನಿಂದ, ಎಷ್ಟು ಹೊತ್ತು ಬೀಸುತ್ತದೆ ಎಂದು ಅಳೆಯಲು ಅದನ್ನು ನಿಲ್ಲಿಸಿದ್ದರು. ನಿಲ್ಲಿಸಿದವನು ಶಶಿಕಾಂತ ಎಂಬ ಎಂಜಿನಿಯರ್, ನರಗುಂದದವನು. ಪುಣೆಯ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದ. ಅಳೆದ ಅಂಕಿಗಳನ್ನು ದಿನಾ ಮುಂಜಾನೆ ಆ ಕಚೇರಿಗೆ ಟೆಲಿಫೋನಿನಲ್ಲಿ ಕಳಿಸಬೇಕಾಗಿತ್ತು. ಹಾಗೆ ಕಳಿಸುವುದಕ್ಕೆ ಅವನೊಂದು ಯಂತ್ರ ತಂದಿದ್ದ. ಪುಸ್ತಕದ ಪೆಟ್ಟಿಗೆಯಷ್ಟು ದೊಡ್ಡದು. ಕಂಬದ ಕಾವಲಿನವನು ದಿನಾ ನಸುಕಿನಲ್ಲಿ ಅಂಕಿ ತುಂಬಿದ ಡಬ್ಬಿ ತಂದು ಅದಕ್ಕೆ ಸಿಕ್ಕಿಸುತ್ತಿದ್ದ. ಮೇಲೆ ಕರಿ ರಬ್ಬರಿನ ಎರಡು ಬಟ್ಟಲು. ಟೆಲಿಫೋನಿನ ರಿಸೀವರನ್ನು ಮಗುಚಿ, ಮಾತಾಡುವ ತುದಿ ಒಂದು ಬಟ್ಟಲಿನಲ್ಲಿ, ಕೇಳುವ ತುದಿ ಇನ್ನೊಂದರಲ್ಲಿ ಕೂಡುವಂತೆ ಒತ್ತಿ ಇಟ್ಟರೆ ಯಂತ್ರ ಅದರೊಳಗೆ ಸಿಳ್ಳೆ ಹಾಕುತ್ತಿತ್ತು. ಅಂಕಿಗಳೆಲ್ಲ ಸಿಳ್ಳೆಯಾಗಿ ತಂತಿಯ ಮೇಲೆ ಹೋಗಿ, ಪುಣೆಯಲ್ಲಿ ಇಂಥದೇ ಇನ್ನೊಂದು ಯಂತ್ರದ ಕಿವಿಗೆ ಬಿದ್ದು ಮತ್ತೆ ಅಂಕಿಗಳಾಗುತ್ತಿದ್ದವು. ಕಪ್ಲರ್ ಎಂದು ಶಶಿಕಾಂತ ಅದರ ಹೆಸರು ಹೇಳಿದ್ದ. ಮನೆಯವರು ಅದನ್ನು ಕಿವಿಪೆಟ್ಟಿಗಿ ಎಂದು ಕರೆದರು.

ಅಂಚೆ ಕಚೇರಿಯ ಟೆಲಿಫೋನಿನಲ್ಲಿ ಅವನು ಮೊದಲು ಕಳಿಸಿ ನೋಡಿದ್ದ. ಅಲ್ಲಿ ಮುದ್ರೆ ಕುಟ್ಟುವ ಸದ್ದು, ಜನರ ಗದ್ದಲ. ಆಮೇಲೆ ಹತ್ತಿಯ ವ್ಯಾಪಾರಿ ಪ್ರಭುಲಿಂಗಪ್ಪನ ಮನೆಯ ಪಡಸಾಲೆಯಲ್ಲಿ ಟೆಲಿಫೋನ್ ಇದೆ ಎಂದು ತಿಳಿದು ಬಂದು ಕೇಳಿದ. ಪುಣೆಯೊಡನೆ ಮಾತಾಡುವ ಯಂತ್ರ ತನ್ನ ಮನೆಯಲ್ಲಿ ಎಂದರೆ ಪೇಟೆಯಲ್ಲಿ ತನ್ನ ತೂಕವೇ ಬೇರೆ ಎಂದು ಪ್ರಭುಲಿಂಗಪ್ಪ ಒಪ್ಪಿಕೊಂಡ. ಕಳಿಸುವ ಕೆಲಸವನ್ನೂ ತಾನೇ ಮಾಡುತ್ತೇನೆಂದ.

ಎರಡು ದಿನ ಮಾಡಿದ. ಆದರೆ ಟ್ರಂಕ್ ಕಾಲ್ ಬಂದಾಗ ಓಣಿ ಕೇಳುವಂತೆ "ಹಲೋ" ಅನ್ನದೆ ಇರುವುದು ಅವನಿಂದ ಆಗಲಿಲ್ಲ. ರಿಸೀವರ್ ಬಟ್ಟಲಿನಲ್ಲಿ ಕೂತ ಮೇಲೂ ಬಗ್ಗಿ ಒಂದು ಹಲೋ ಹಾಕುತ್ತಿದ್ದ. ಬಾಯಿ ಬಿಡದೆ ಟೆಲಿಫೋನಿನ ಮುಂದೆ ಕೂಡುವವರು ಮನೆಯಲ್ಲಿ ಯಾರಿದ್ದಾರೆ ಎಂದು ಶಶಿಕಾಂತ ಕೇಳಿದಾಗ ಎಲ್ಲರ ಕಣ್ಣೂ ಆಗ ಆ ಮನೆಯ ಸೊಸೆಯಾಗಿದ್ದ ಕಳಕವ್ವನ ಕಡೆ ತಿರುಗಿದವು.

ಕಳಕವ್ವ ನರೇಗಲ್ಲಿನವಳು. ಮ್ಯಾಟ್ರಿಕ್ ಓದಿದ್ದಳು. ಮದುವೆಯಾಗಿ ಬಂದ ಮೇಲೆ ಅವಳು ಓದಿದ್ದೆಂದರೆ ಸಾಮಾನು ಕಟ್ಟಿ ತಂದ ಹಾಳೆಯ ತುಂಡು. ಕತ್ತಲಿರುವಾಗಲೇ ಎದ್ದು ಅಂಗಳ ಗುಡಿಸಿ, ಸೆಗಣಿ ಬಳಿದು, ನೀರು ತುಂಬಿ, ಎಮ್ಮೆಯ ಕೆಳಗೆ ಕೂತೆದ್ದು, ಗಂಡಸರಿಗೆ ಚಹ ಕೊಟ್ಟು ಒಲೆಯ ಮುಂದೆ ಕೂತರೆ ಅಲ್ಲಿ ಅತ್ತೆ ಸಿದ್ದಲಿಂಗವ್ವ ಆಗಲೇ ರೊಟ್ಟಿ ಬಡಿಯುತ್ತಿರುತ್ತಿದ್ದಳು. ಅತ್ತೆ ಬಡಿಯುವುದು, ಸೊಸೆ ಬೇಯಿಸುವುದು. ಮನೆಯವರಿಗೆ, ಅಂಗಡಿಯ ಆಳುಗಳಿಗೆ, ಹೊಲಕ್ಕೆ ಹೋಗುವವರ ಬುತ್ತಿಗೆ. ಸಿದ್ದಲಿಂಗವ್ವನ ಅಂಗೈಯ ಸಪ್ಪಳ ಓಣಿಯ ತುದಿಯವರೆಗೆ ಕೇಳುತ್ತಿತ್ತು. ಹಾಗೆ ನೋಡಿದರೆ ಆ ಓಣಿಯ ಯಾವ ಮನೆಯೂ ಆ ಹೊತ್ತಿಗೆ ಸುಮ್ಮನಿರುತ್ತಿರಲಿಲ್ಲ. ಸಾವಾದ ಮನೆಯಲ್ಲಿ ಮಾತ್ರ ಒಲೆ ಹತ್ತುತ್ತಿರಲಿಲ್ಲ, ರೊಟ್ಟಿ ಸಪ್ಪಳ ಇರುತ್ತಿರಲಿಲ್ಲ.

ಅಂಥ ಮನೆಯ ಸೊಸೆಗೆ ಪಡಸಾಲೆಯಲ್ಲಿ ಒಂದು ಕುರ್ಚಿ ಹಾಕಿದರು. ರಿಸೀವರ್ ಕದಲದಂತೆ ನೋಡಿಕೊಳ್ಳಲು ಎದುರಿಗೇ ಕೂಡಬೇಕು, ಟೆಲಿಫೋನ್ ಇದ್ದ ಮೇಜು ಎತ್ತರದ್ದು, ಹೀಗಾಗಿ ನೆಲದ ಮೇಲೆ ಕೂಡುವಂತಿರಲಿಲ್ಲ. ಮಾವ ಗುರುಸಂಗಪ್ಪ ಎದುರಿನ ಹಗ್ಗದ ಹೊರಸಿನ ಮೇಲೆ ಮಲಗಿರುವಾಗ ಸೊಸೆ ಕುರ್ಚಿಯ ಮೇಲೆ! ಮೊದಲ ದಿನ ಕಳಕವ್ವ ಅದರ ಅಂಚಿಗೆ ಮಾತ್ರ ಕೂತಿದ್ದಳು, ಎದ್ದಾಗ ತೊಡೆ ನೋಯುತ್ತಿತ್ತು. ಆದರೆ ದಿನ ಕಳೆದಂತೆ ಬೆನ್ನು ತಾನಾಗಿಯೇ ಹಿಂದಕ್ಕೆ ಆತುಕೊಂಡಿತು. ಎಕ್ಸ್‌ಚೇಂಜಿನ ನಾಹೀದ ಲೈನ್ ಕೂಡಿಸಿ ಕೊಡುತ್ತಿದ್ದಳು. ಸಣ್ಣ ದೀಪ ಹತ್ತುತ್ತಿತ್ತು, ಗುಂಡಿ ಒತ್ತಿದರೆ ಯಂತ್ರ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಅದು ಮುಗಿಯುವವರೆಗೆ ಮಾಡುವುದೇನೂ ಇಲ್ಲ. ಕೂಡಬೇಕು, ಅಷ್ಟೆ. ಆಕಳಿಸಬಹುದು. ಕಿಟಕಿಯಲ್ಲಿ ಕಾಣುವ ಗುಡ್ಡವನ್ನು ನೋಡಬಹುದು. ಹದಿನೆಂಟರ ವಯಸ್ಸಿಗೆ ಸೊಸೆಯಾಗಿ ಬಂದ ಮನೆಯಿಂದ ಗುಡ್ಡ ಕಾಣುತ್ತದೆ ಎಂಬುದು ಅವಳಿಗೆ ಗೊತ್ತಾದದ್ದೇ ಆಗ. ಆ ಕಾಲು ತಾಸನ್ನು ಕಳಕವ್ವ ತನ್ನ ತವರಿನಿಂದ ತಂದ ಒಡವೆಗಿಂತ ಜೋಪಾನವಾಗಿ ನೋಡಿಕೊಂಡಳು.

ಅದು ಹೋಗುವ ದಿನವೂ ಬೇಗ ಬಂತು. ಪುಣೆಯಿಂದ ಶಶಿಕಾಂತ ಓಡಿ ಬಂದ. ಅಂಕಿಗಳು ಒಡೆದು ಬರುತ್ತಿವೆ, ನಡುನಡುವೆ ತಲೆಬುಡವಿಲ್ಲದ ಅಕ್ಷರಗಳು, ಎಲೆ ಅಲುಗದ ದಿನ ಇಲ್ಲಿ ಬಿರುಗಾಳಿ ಬೀಸಿದಂತೆ ಲೆಕ್ಕ ಬರುತ್ತಿದೆ ಎಂದ. ಹೀಗೇ ಆದರೆ ಯಂತ್ರವನ್ನು ರೋಣಕ್ಕೆ ಒಯ್ಯಲು ಮೇಲಿನವರು ಹೇಳಿದ್ದಾರೆ. ಕಳಕವ್ವ ರಬ್ಬರಿನ ಬಟ್ಟಲುಗಳನ್ನು ಮುಟ್ಟಿ ನೋಡಿದಳು. ತನ್ನ ಕೈಯಿಂದೇನಾದರೂ ತಪ್ಪಾಯಿತೇ ಎಂದು ಕೇಳಿದಳು. ಅವನು ನಾಳೆ ನಾನೇ ಕೂತು ನೋಡುತ್ತೇನೆ ಎಂದ.

ಮರುದಿನ ಅವನು ರಿಸೀವರಿಗೆ ಕಿವಿ ಹಚ್ಚಿ ಕೂತ. ಒಳಗಿಂದ ಸಿದ್ದಲಿಂಗವ್ವನ ರೊಟ್ಟಿ: ಪಟ್ ಪಟ್ ಪಟ್. ಅವನ ಮುಖ ಅರಳಿತು. ಯಂತ್ರ ಸಿಳ್ಳೆಯನ್ನಷ್ಟೇ ಕೇಳುವುದಿಲ್ಲ, ರಬ್ಬರಿನ ಸಂದಿಯಿಂದ ಮನೆಯನ್ನೂ ಕೇಳುತ್ತದೆ. ಸಿದ್ದಲಿಂಗವ್ವನ ರೊಟ್ಟಿಗಳು ದಿನಾ ಪುಣೆಗೆ ಹೋಗುತ್ತಿದ್ದವು!

"ಅಕ್ಕಾರ, ಕಾಲು ತಾಸು ರೊಟ್ಟಿ ನಿಲ್ಲಿಸಬೇಕಾಗ್ತದ್ರಿ," ಎಂದ ಶಶಿಕಾಂತ.

ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಬಿಸಿ ರೊಟ್ಟಿ ಬೇಕು ಎಂದು ಪ್ರಭುಲಿಂಗಪ್ಪ ಗೊಣಗಿದ. ಹೊತ್ತು ಬದಲಿಸಬಹುದಲ್ಲ ಎಂದ. ಆಮೇಲೆ ಲೈನ್ ಸಿಗುವುದಿಲ್ಲ ಎಂದು ಶಶಿಕಾಂತ ಹೇಳಿದ. ಪೇಟೆಯಲ್ಲಿ ಬಂದ ತೂಕವನ್ನು ಬಿಟ್ಟುಕೊಡಲು ಮನಸ್ಸಿಲ್ಲದೆ, ಕೊನೆಗೆ ಪ್ರಭುಲಿಂಗಪ್ಪ ಆಗಲಿ ಎಂದ.

ಮುಂದಿನ ಎರಡು ದಿನ ಮನೆಯ ಸದ್ದುಗಳನ್ನು ಹುಡುಕುವುದೇ ಶಶಿಕಾಂತನ ಕೆಲಸವಾಯಿತು. ರೊಟ್ಟಿ ನಿಂತಾಗ ಖಾರ ಕುಟ್ಟುವುದು ಕೇಳಿಸಿತು. ಅದು ನಿಂತಾಗ ಹಿತ್ತಲಲ್ಲಿ ಬಟ್ಟೆ ಒಗೆಯುವುದು. ಅದೂ ನಿಂತಾಗ ಕೊಡ ಬೆಳಗುವುದು, ಬಾವಿಯ ಹಗ್ಗದ ಗಡಗಡಿಯ ಕಿರಕಿರಿ, ತೊಟ್ಟಿಲ ಸರಪಳಿ. ಒಂದೊಂದು ಸದ್ದಿನ ಬೆನ್ನು ಹತ್ತಿ ಹೋದರೆ ಅದರ ತುದಿಯಲ್ಲಿ ಒಬ್ಬ ಹೆಂಗಸಿನ ಕೈ ಇರುತ್ತಿತ್ತು. ಗಂಡಸರದು ಎಂದು ಸಿಕ್ಕದ್ದು ಗುರುಸಂಗಪ್ಪನ ಕೆಮ್ಮೊಂದೇ. ಆ ಹೊತ್ತಿಗೆ ಮುಖದ ತುಂಬ ಶಾಲು ಹೊದ್ದು ಮಲಗಬೇಕೆಂದು ಮುದುಕನಿಗೆ ಹೇಳಿದರು. ಎದುರು ಮನೆಯಲ್ಲಿ ಗಾದಿ ತುಂಬುವ ರಾಜಮಾ ಇದ್ದಳು. ಅವಳಿಂದ ಒಂದು ಹಿಡಿ ಅರಳೆ ಇಸಿದುಕೊಂಡು, ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಕಳಕವ್ವ ಯಂತ್ರಕ್ಕೊಂದು ಪುಟ್ಟ ಕೌದಿ ಹೊಲಿದಳು. ಬಾಣಂತಿಯ ಮನೆಯ ಕೂಸಿಗೆ ಹೊದಿಸಿದಂತೆ ರಿಸೀವರಿನ ಮೇಲೆ ಹೊದಿಸಿದಳು.

ಹೀಗೆ, ಶಶಿಕಾಂತ ಪುಣೆಗೆ ಮರಳಿ, ಪ್ರಭುಲಿಂಗಪ್ಪ ಅಂಗಡಿಗೆ ಹೋದ ಒಂದು ಮುಂಜಾನೆ ಆ ಮನೆ ಸಂಪೂರ್ಣ ಸುಮ್ಮನಾಯಿತು. ಸಿದ್ದಲಿಂಗವ್ವನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ನಲವತ್ತು ವರ್ಷಗಳಿಂದ ಆ ಹೊತ್ತಿನಲ್ಲಿ ಹಿಟ್ಟಿನ ಮೇಲಿದ್ದ ಕೈಗಳು. ಪಡಸಾಲೆಯ ಹೊಸ್ತಿಲ ಬಳಿ ಬಂದು ಕೂತಳು, ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡಳು, ಮತ್ತೆ ಮಗುಚಿದಳು. ಈ ಮಷೀನು ತನ್ನ ಕೆಲಸ ಕಿತ್ತುಕೊಂಡಿದೆ ಎಂಬಂತೆ ಸೊಸೆಯನ್ನು ದುರುಗುಟ್ಟಿ ನೋಡಿದಳು. ಯಂತ್ರ ಸಿಳ್ಳೆ ಹಾಕತೊಡಗಿತು. ಗುರುಸಂಗಪ್ಪ ಶಾಲಿನೊಳಗೆ ಉಸಿರು ಬಿಗಿಹಿಡಿದು ಮಲಗಿದ್ದ.

ಎದುರಿನ ರಾಜಮಾ ಅರಳೆ ಬಿಡಿಸುತ್ತಿದ್ದವಳು ತಲೆಯೆತ್ತಿದಳು. ಏನೋ ಇಲ್ಲ ಅನಿಸಿತು. ಕಿವಿಗೊಟ್ಟಳು. ಸಿದ್ದಲಿಂಗವ್ವನ ರೊಟ್ಟಿ ಸಪ್ಪಳ ಇಲ್ಲ. ಪಕ್ಕದ ಮನೆಯವಳೂ ಬಾಗಿಲಿಗೆ ಬಂದು ನಿಂತಿದ್ದಳು. ಇಬ್ಬರೂ ಮುಖ ಮುಖ ನೋಡಿಕೊಂಡರು. ಗುರುಸಂಗಪ್ಪನ ಕೆಮ್ಮು ನಿನ್ನೆ ರಾತ್ರಿ ಭಾಳ ಇತ್ತು ಎಂಬುದು ಇಬ್ಬರಿಗೂ ನೆನಪಾಯಿತು. ಸ್ವಲ್ಪ ಹೊತ್ತಿಗೆ ಐದಾರು ಹೆಂಗಸರು ತಲೆಯ ಮೇಲೆ ಸೆರಗೆಳೆದುಕೊಂಡು ಮೆಲ್ಲಗೆ ಮೆಟ್ಟಿಲೇರಿ ಬಂದರು. ಕಂಡದ್ದೇನು: ಆರಿದ ಒಲೆ, ಹೊಸ್ತಿಲಲ್ಲಿ ಕೈ ಚೆಲ್ಲಿ ಕೂತ ಸಿದ್ದಲಿಂಗವ್ವ, ಎತ್ತರದ ಕುರ್ಚಿಯ ಮೇಲೆ ಕಲ್ಲಿನಂತೆ ಕೂತ ಸೊಸೆ, ಹೊರಸಿನ ಮೇಲೆ ಮುಖ ಮುಚ್ಚಿ ಮಲಗಿಸಿದ ಗುರುಸಂಗಪ್ಪ.

ರಾಜಮಾ ಸಿದ್ದಲಿಂಗವ್ವನ ಕೊರಳಿಗೆ ಬಿದ್ದು ದೊಡ್ಡ ದನಿ ತೆಗೆದಳು. "ಯಕ್ಕಾ, ನಿನ್ನ ಕೈಬಿಟ್ಟು ಹ್ಯಾಂಗ ಹೋದ್ರು ಬೇ!" ಉಳಿದವರೂ ದನಿಗೂಡಿಸಿದರು.

ಬೇಡ ಬೇಡ ಎಂದು ಕಳಕವ್ವ ಕೈಬೀಸಿದಳು. ಬಾಯಿ ಬಿಟ್ಟರೆ ಅಂಕಿ ಒಡೆಯುತ್ತವೆಂದು ಅವಳು ಬಾಯಿ ಬಿಡಲಿಲ್ಲ. ಅವಳು ಕೈಬೀಸಿದ್ದನ್ನು ನೋಡಿ, ಪಾಪ, ಸೊಸೆಗೆ ಮಾತೇ ಹೊರಡುತ್ತಿಲ್ಲ ಎಂದು ಹೆಂಗಸರು ಇನ್ನೂ ಜೋರಾಗಿ ಅತ್ತರು. ಆಗ ಹೊರಸಿನ ಮೇಲಿನ ಶಾಲು ಸರಿಯಿತು. ಗುರುಸಂಗಪ್ಪ ಎದ್ದು ಕೂತು, ಇಷ್ಟು ಹೊತ್ತು ತಡೆದಿದ್ದ ಕೆಮ್ಮನ್ನೆಲ್ಲ ಒಮ್ಮೆಲೇ ಕೆಮ್ಮಿದ.

"ಯಾರು ಸತ್ತಾರ?" ಎಂದು ಕೇಳಿದ.

ಅದನ್ನು ನೆನೆಸಿಕೊಂಡರೆ ಇಂದಿಗೂ ಕಳಕವ್ವನಿಗೆ ನಗು ತಡೆಯುವುದಿಲ್ಲ. ಅಂದು ಮಾತ್ರ ನಗು ಬರಲಿಲ್ಲ. ಅವತ್ತಿನ ಅಂಕಿಗಳು ಪುಣೆಗೆ ಹೇಗೆ ತಲುಪಿದವೆಂದು ಕೇಳುವುದೇ ಬೇಡ. ಲೈನಿನ ನಡುವೆ ಗೋಳಾಟ ಕೇಳಿದ ನಾಹೀದ ಕೂಡ ಗಾಬರಿಯಿಂದ ಯಾರಿಗೇನಾಯಿತು ಎಂದು ವಿಚಾರಿಸಿದ್ದಳು. ಸಂಜೆಗೆ ಸುದ್ದಿ ಪೇಟೆಯಿಡೀ ಹಬ್ಬಿತು. ಅಂಗಡಿಗೆ ಬಂದವರೆಲ್ಲ ತಂದೆ ಹೇಗಿದ್ದಾರೆ, ಮತ್ತೆ ಎದ್ದರಂತಲ್ಲ ಎಂದು ಪ್ರಭುಲಿಂಗಪ್ಪನನ್ನು ಕಿಚಾಯಿಸಿದರು.

ಅವನು ಉರಿಯುತ್ತ ಮನೆಗೆ ಬಂದ. ಬದುಕಿದ ಮನುಷ್ಯನ ಮುಂದೆ ಅಳಿಸಿದ ಯಂತ್ರ ತನ್ನ ಮನೆಯಲ್ಲಿ ಬೇಡ, ಒಲೆ ಆರಿಸಿ ಕೂಡುವುದು ಅಪಶಕುನ, ನಾಳೆಯೇ ಶಶಿಕಾಂತನಿಗೆ ರೋಣಕ್ಕೆ ಒಯ್ಯಲು ಹೇಳುತ್ತೇನೆ ಎಂದ. ಕಳಕವ್ವ ಕಂಬಕ್ಕೆ ಆತು ನಿಂತಿದ್ದಳು. ನನಗೆ ಅದು ಬೇಕು ಎಂದು ಹೇಳಲು ಅವಳಲ್ಲಿ ಮಾತಿರಲಿಲ್ಲ. ಏನು ಬೇಕು ಎಂದರೆ ಏನೆಂದು ಹೇಳುವುದು? ಸುಮ್ಮನೆ ಕೂಡುವುದು ಬೇಕು ಎಂದೇ? ಆ ಮನೆಯಲ್ಲಿ ಯಾವ ಹೆಂಗಸೂ ಅಂಥದನ್ನು ಬಾಯಿಬಿಟ್ಟು ಕೇಳಿರಲಿಲ್ಲ.

ಸಿದ್ದಲಿಂಗವ್ವ ಒಲೆಯ ಮುಂದಿನಿಂದ ಏಳದೆಯೇ ಮಗನನ್ನು ಕರೆದಳು.

"ಓಣಿ ಮಂದಿ ನಾವು ಸತ್ತೇವಿ ಅಂತ ತಿಳ್ಕೊಂಡ್ರ, ನಾ ಕಟ್ಟಿ ಮ್ಯಾಲೆ ಕುಂಡರ್ತೀನಿ. ಎಲ್ಲಾರೂ ನೋಡ್ಲಿ, ಜೀವಂತ ಅದೀನಿ ಅಂತ. ಮಷೀನ ಇಲ್ಲೇ ಇರ್ಲಿ."

ಮಗನಿಗೆ ತಾಯಿಯ ಮಾತು ಅರ್ಥವಾಗಲಿಲ್ಲ. ಕಟ್ಟೆಯ ಮೇಲೆ ಗಂಡಸರು ಕೂಡುವುದು. ಸಂಜೆ ಅಪ್ಪ, ಅಪ್ಪನ ಗೆಳೆಯರು. ಮುಂಜಾನೆ ಕೆಲಸದ ಹೊತ್ತಿನಲ್ಲಿ ಮನೆಯ ಹಿರಿಯಳು ಬೀದಿಗೆ ಮುಖ ಮಾಡಿ ಕೂಡುವುದೆಂದರೇನು? ಅವನು ಬಾಯಿ ತೆರೆಯುವುದರೊಳಗೆ ಅವಳು ಮತ್ತೆ ಹಿಟ್ಟಿನ ಉಂಡೆ ಕೈಗೆತ್ತಿಕೊಂಡು ಬಡಿಯತೊಡಗಿದ್ದಳು. ಆ ಸಪ್ಪಳದಲ್ಲಿ ಮಾತಾಡುವುದು ಯಾರಿಗೂ ಆಗುತ್ತಿರಲಿಲ್ಲ.

ಮಾರನೆಯ ದಿನ ಅವಳು ಹೇಳಿದಂತೆ ಮಾಡಿದಳು. ನಾಹೀದ ಲೈನ್ ಕೊಡುತ್ತಿದ್ದಂತೆ ಕೈ ತೊಳೆದುಕೊಂಡು ಹೋಗಿ ಕಟ್ಟೆಯ ನಟ್ಟನಡುವೆ ಕೂತಳು. ಹೋಗುವವರು ಬರುವವರು ನಿಂತು ನೋಡಿದರು. ಅಂಗಡಿಗೆ ಹೊರಟಿದ್ದ ಒಬ್ಬ ಹಿರಿಯ, ಆರಾಮಿಲ್ಲೇನವ್ವ ಎಂದು ಕೇಳಿದ. ಆರಾಮದೀನಿ ಎಂದಳು. ಹಂಗಾರ ಕೆಲಸಿಲ್ಲೇನು ಎಂದ. ಕೆಲಸ ಅದ, ಆಮ್ಯಾಲೆ ಮಾಡ್ತೀನಿ ಎಂದಳು. ಮೂರನೆಯ ದಿನ ರಾಜಮಾ ಬಂದು ಪಕ್ಕದಲ್ಲಿ ಕೂತಳು. ಅವಳಿಗೆ ಅತ್ತದ್ದರ ನಾಚಿಕೆ ಇನ್ನೂ ಹೋಗಿರಲಿಲ್ಲ. ಗುರುಸಂಗಪ್ಪನವರು ಖರೇ ಹೋದ ದಿನ ಬಾಕಿ ಅಳುತ್ತೇನೆ ಎಂದು ಸಿದ್ದಲಿಂಗವ್ವನ ಕಿವಿಯಲ್ಲಿ ಹೇಳಿದಳು. ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು, ಸದ್ದಾಗದ ಹಾಗೆ, ಮೈಯೆಲ್ಲ ಕುಲುಕಿ ನಕ್ಕರು. ಕುರ್ಚಿಯ ಮೇಲಿಂದ ಕಳಕವ್ವ ಅತ್ತೆಯ ಬೆನ್ನನ್ನಷ್ಟೇ ನೋಡುತ್ತಿದ್ದಳು. ಆ ಬೆನ್ನು ನಗುವುದನ್ನು ಅವಳು ಮೊದಲ ಸಲ ನೋಡಿದ್ದು.

ಆಮೇಲೆ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಬಂದರು. ತಮ್ಮ ಮನೆಯ ಸದ್ದು ಯಂತ್ರಕ್ಕೆ ತೊಂದರೆಯಾಗುತ್ತದೆಂದು ಮನೆಯವರಿಗೆ ಹೇಳಿ ಬರುತ್ತಿದ್ದರು. ಮೂರು ಮನೆಯಾಚೆಯ ರೊಟ್ಟಿ ಆ ರಬ್ಬರಿನ ಬಟ್ಟಲಿಗೆ ಹೇಗೆ ಕೇಳುತ್ತದೆ ಎಂದು ಯಾವ ಗಂಡಸೂ ಕೇಳಲಿಲ್ಲ. ಪುಣೆಯ ಯಂತ್ರ ಎಂದರೆ ಸುಮ್ಮನಾಗುತ್ತಿದ್ದರು. ಅಂಕಿಗಳು ಒಡೆಯದೆ ಹೋದವು. ಗಜೇಂದ್ರಗಡದ ಗಾಳಿ ಚಲೋ ಅದ ಎಂದು ಶಶಿಕಾಂತ ಖುಷಿಯಿಂದ ಬರೆದ.

ಒಂದೂವರೆ ವರ್ಷ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಗಂಡಸರು ಯಾರೂ ಇಲ್ಲದಾಗ ಶಶಿಕಾಂತ ಹೊಸ ಪೆಟ್ಟಿಗೆಯೊಂದನ್ನು ಹಿಡಿದುಕೊಂಡು ಬಂದ. ಇದಕ್ಕೆ ರಬ್ಬರಿನ ಬಟ್ಟಲುಗಳಿಲ್ಲ. ತಂತಿ ನೇರವಾಗಿ ಟೆಲಿಫೋನಿನ ತಂತಿಗೇ ಕೂಡುತ್ತದೆ, ರಿಸೀವರ್ ಅದರ ಜಾಗದಲ್ಲಿ ಕೂತಿರುತ್ತದೆ. ಲೈನ್ ಬಂದಾಗ ಗುಂಡಿ ಒತ್ತಿದರಾಯಿತು. ಹಳೆಯದು ಇನ್ನು ಮೂಲೆಗೆ ಎಂದ. ಆಮೇಲೆ, ಅವಳಿಗೆ ದೊಡ್ಡ ಉಪಕಾರ ಮಾಡುವವನ ಸಂತೋಷದಲ್ಲಿ ಹೇಳಿದ:

"ಇದಕ್ಕ ಕಿವಿ ಇಲ್ರೀ ಅಕ್ಕಾರ. ಇನ್ನ ನೀವು ಎಷ್ಟ ಬೇಕಾದ್ರೂ ರೊಟ್ಟಿ ಬಡೀರಿ."

ಕಳಕವ್ವ ಅವನಿಗೆ ಚಹ ಮಾಡಿಕೊಟ್ಟಳು. ಅವನು ಹೋದ ಮೇಲೆ ಪಡಸಾಲೆಯಲ್ಲಿ ಒಬ್ಬಳೇ ಬಹಳ ಹೊತ್ತು ನಿಂತಿದ್ದಳು. ಒಳಗೆ ಅತ್ತೆ ಮಲಗಿದ್ದಳು. ಸಂಜೆ ಗಂಡ ಬಂದು, ಇದೇನು ಹೊಸ ಪೆಟ್ಟಿಗೆ ಎಂದು ಕೇಳಿದಾಗ, ಬದಲಿ ಕೊಟ್ಟಿದ್ದಾರೆ ಎಂದಷ್ಟೇ ಹೇಳಿದಳು.

ಮರುದಿನ ಎಂಟಕ್ಕೆ ಲೈನ್ ಬಂತು. ಅವಳು ಗುಂಡಿ ಒತ್ತಿ, ಪುಟ್ಟ ಕೌದಿಯನ್ನು ತೆಗೆದು ಹೊಸ ಪೆಟ್ಟಿಗೆಯ ಮೇಲೆ ಹೊದಿಸಿ ಕುರ್ಚಿಯ ಮೇಲೆ ಕೂತಳು. ಗುರುಸಂಗಪ್ಪ ಎಂದಿನಂತೆ ಶಾಲು ಎಳೆದುಕೊಂಡ. ಕೈ ಒರೆಸಿಕೊಳ್ಳುತ್ತ ಹೊರಬಂದ ಸಿದ್ದಲಿಂಗವ್ವ ಹೊಸ್ತಿಲಲ್ಲಿ ನಿಂತಳು. ರಿಸೀವರ್ ಟೆಲಿಫೋನಿನ ಮೇಲೆ ತನ್ನ ಜಾಗದಲ್ಲಿ ತಣ್ಣಗೆ ಕೂತಿತ್ತು. ಕೌದಿಯ ಕೆಳಗೆ ಅದಿರಲಿಲ್ಲ. ಕೋಣೆಯಲ್ಲಿ ಸಿಳ್ಳೆಯೂ ಇರಲಿಲ್ಲ. ಅವಳು ಟೆಲಿಫೋನ್ ನೋಡಿದಳು, ಕೌದಿ ನೋಡಿದಳು, ಸೊಸೆಯ ಮುಖ ನೋಡಿದಳು. ಕಳಕವ್ವ ಕಣ್ಣು ಕೆಳಗೆ ಹಾಕಿದಳು.

ಸಿದ್ದಲಿಂಗವ್ವ ಹತ್ತಿರ ಬಂದು, ಒಂದು ಬದಿಗೆ ಜಾರಿದ್ದ ಕೌದಿಯ ಅಂಚನ್ನು ಎಳೆದು ಸರಿಮಾಡಿದಳು. ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು.

ಗಾಳಿಯ ಲೆಕ್ಕ ಮುಗಿಸಿ ಪುಣೆಯವರು ಪೆಟ್ಟಿಗೆ ಒಯ್ದ ಮೇಲೂ ಕಟ್ಟೆಯ ಮೇಲೆ ಕೂಡುವುದು ನಿಲ್ಲಲಿಲ್ಲ. ಅಷ್ಟರಲ್ಲಿ ಅದು ಸಿದ್ದಲಿಂಗವ್ವ ಕೂಡುವ ಹೊತ್ತಾಗಿತ್ತು. ವಯಸ್ಸಾದ ತಾಯಿಯನ್ನು ಎಬ್ಬಿಸಿ ರೊಟ್ಟಿ ಬಡಿ ಎನ್ನಲು ಮಗನಿಗೆ ಬಾಯಿ ಬರಲಿಲ್ಲ. ಕುರ್ಚಿಗೆ ಕೆಲಸವಿಲ್ಲವಾದಾಗ ಅವಳೇ ಸೊಸೆಯನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡಳು.

ಗುರುಸಂಗಪ್ಪ ಮೊದಲು ಹೋದ. ರಾಜಮಾ ಬಾಕಿ ಇಟ್ಟಿದ್ದನ್ನು ಅತ್ತಳು. ಅದಾದ ಎಷ್ಟೋ ವರ್ಷಗಳ ಮೇಲೆ ಒಂದು ಮುಂಜಾನೆ, ಎಂಟು ಹೊಡೆಯಲು ಸ್ವಲ್ಪ ಮೊದಲು ನೋಡಿದರೆ, ಸಿದ್ದಲಿಂಗವ್ವ ಹಾಸಿಗೆಯಲ್ಲೇ ಹೋಗಿದ್ದಳು. ಪ್ರಭುಲಿಂಗಪ್ಪ ಬೀಗರಿಗೆ ಸುದ್ದಿ ಮುಟ್ಟಿಸಲು ಹಿತ್ತಲ ಬಾಗಿಲಿನಿಂದ ಓಡಿದ. ಮನೆ ಸುಮ್ಮನಿತ್ತು. ರೊಟ್ಟಿ ಸಪ್ಪಳವಿರಲಿಲ್ಲ. ಓಣಿಯಿಂದ ಯಾರೂ ಬರಲಿಲ್ಲ. ಆ ಮನೆ ಸುಮ್ಮನಿದ್ದರೆ ಗಾಬರಿಯಾಗುವುದನ್ನು ಓಣಿ ಎಂದೋ ಮರೆತಿತ್ತು. ಕಳಕವ್ವ ಬಾಗಿಲಿಗೆ ಬಂದು ನೋಡಿದಾಗ ರಾಜಮಾ ದಿನದಂತೆ ಕಟ್ಟೆಯ ಮೇಲೆ ಬಂದು ಕೂತಿದ್ದಳು. ಪಕ್ಕದಲ್ಲಿ ಸಿದ್ದಲಿಂಗವ್ವನ ಜಾಗ ಬಿಟ್ಟಿದ್ದಳು.

"ಯಾಕ ತಡ ಮಾಡ್ಯಾಳ ನಿಮ್ಮತ್ತಿ?" ಎಂದು ಕೇಳಿದಳು.

ಕಳಕವ್ವನ ಮುಖ ನೋಡಿದ ಮೇಲೆ ಅವಳಿಗೆ ತಿಳಿಯಿತು. ಮುದುಕಿ ಅಳಲೂ ಇಲ್ಲ. ಆ ಖಾಲಿ ಜಾಗವನ್ನು ಅಂಗೈಯಿಂದ ಎರಡು ಸಲ ಒರೆಸಿ, ಕೂಡು ಎಂಬಂತೆ ಸನ್ನೆ ಮಾಡಿದಳು. ಒಳಗೆ ಮಾಡಬೇಕಾದ ಕೆಲಸ ರಾಶಿಯಿತ್ತು. ನೀರು ಕಾಯಿಸಬೇಕಿತ್ತು, ಪಡಸಾಲೆ ತೆರವು ಮಾಡಬೇಕಿತ್ತು, ಬರುವವರಿಗೆ ಚಾಪೆ ಹಾಸಬೇಕಿತ್ತು. ಕಳಕವ್ವ ಅವೆಲ್ಲವನ್ನೂ ಬಿಟ್ಟು ಹೋಗಿ ಅತ್ತೆಯ ಜಾಗದಲ್ಲಿ ಕೂತಳು. ಎಂಟು ಹೊಡೆದು ಕಾಲು ತಾಸಾಗುವವರೆಗೆ ಇಬ್ಬರೂ ಅಲ್ಲಿಂದ ಏಳಲಿಲ್ಲ.

ಇಷ್ಟನ್ನು ಕಳಕವ್ವ ಹೇಳಿ ಮುಗಿಸಿದಾಗ ಸಂಜೆಯಾಗಿತ್ತು. ಮರುದಿನ ಎಂಟಕ್ಕೆ ಅನ್ನಪೂರ್ಣೇಶ್ವರಿ ಗ್ಯಾಸ್ ಆರಿಸಿ, ಅಡುಗೆಮನೆಯ ಮೂಲೆಯಲ್ಲಿ ಕೈಕಟ್ಟಿ ನಿಲ್ಲದೆ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಕಳಕವ್ವ ಸ್ವಲ್ಪ ಆಚೆ ಸರಿದು ಕೂತಳು. ಎದುರಿಗೆ, ಗುಡ್ಡದ ಮೇಲೆ, ಫ್ಯಾನುಗಳು ನಿಧಾನವಾಗಿ ತಿರುಗುತ್ತಿದ್ದವು.